ಮುಟ್ಟಬಾರದಿದ್ದ ಕಾಫಿ

“ಹೆಣ್ಣು ಕೇಳೋಕೆ ಬಂದೋರಿಗೆ ಐಸ್ ಕಾಫೀನಾ? ತಲೆ ಕೆಟ್ಟಿದ್ಯಾ ರಾವಂದ್?” ಅಮ್ಮ ಪಿಸುಗುಟ್ಟಿದಳು.

“ಈ ಸೆಖೇಲಿ ಬಿಸಿ ಕಾಫಿ ಕೊಟ್ರೆ ಸಾಮಿಹ್‌ನ ದೊಡ್ಡಪ್ಪ ಇಲ್ಲೇ ಒರಗ್ತಾರೆ, ಯಮ್ಮಾ.”

ಆಗಸ್ಟಿನಲ್ಲಿ ನಮ್ಮ ಇರ್ಬಿದ್ ಪಟ್ಟಣ ಕಾದ ಕಾವಲಿಯಂತಿತ್ತು. ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ ಕಾಫಿಯನ್ನು ಬೆಳಿಗ್ಗೆಯೇ ಆರಿಸಿ, ಅರ್ಧವನ್ನು ಐಸ್ ಟ್ರೇಗೆ ಸುರಿದು ಗಡ್ಡೆ ಕಟ್ಟಿಸಿದ್ದೆ. ಕಾಫಿಯದೇ ಐಸಾದರೆ ಕರಗಿದರೂ ರುಚಿ ನೀರಾಗುವುದಿಲ್ಲ. ನಮ್ಮ ಪದ್ಧತಿಯಲ್ಲಿ ಹೆಣ್ಣಿನ ಅಪ್ಪ ಹೂಂ ಅನ್ನುವವರೆಗೆ ಬಂದವರು ಕಾಫಿ ಮುಟ್ಟುವಂತಿಲ್ಲ; ಮುಟ್ಟಿದರೆ ಕೇಳಿದ್ದನ್ನು ಕೈಬಿಟ್ಟಂತೆ. ಅಪ್ಪನೋ, ಯಾವುದಕ್ಕೂ ಬೇಗ ಹೂಂ ಅನ್ನುವವರಲ್ಲ.

ಪರದೆಯ ಸಂದಿಯಿಂದ ನೋಡಿದೆ. ದೊಡ್ಡಪ್ಪ ಅಬೂ ನಾಯಿಫ್ ಲೋಟವನ್ನು ಮುಂದಿಟ್ಟು, “ನಮ್ಮ ಹುಡುಗನಿಗೆ ನಿಮ್ಮ ಮಗಳನ್ನ ಕೊಡಿ. ಆಮೇಲೇ ಈ ಕಾಫಿ” ಎಂದರು. ಅಪ್ಪ ಜಪಮಣಿ ತಿರುಗಿಸುತ್ತಲೇ ಇದ್ದರು.

ಸಾಮಿಹ್ ಟೈ ಸಡಿಲಿಸಿದ. ಪರದೆಯತ್ತ ಕಳ್ಳನೋಟ ಬೀರಿದ. ನನ್ನ ಕಣ್ಣು ಸಿಕ್ಕಿಬಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ನನ್ನ ಫ್ಲಾಸ್ಕ್ ಕಸಿದುಕೊಳ್ಳುವಾಗಿನ ಅದೇ ತುಂಟ ನಗು. ನೋಟ ನನ್ನ ಮೇಲೇ ಇತ್ತು. ಅವನ ಕೈ ತಾನಾಗಿ ಮುಂದಿದ್ದ ಲೋಟ ಎತ್ತಿತು. ಬೇಡ, ಬೇಡ ಎಂದು ಒಳಗೇ ಕೂಗಿಕೊಂಡೆ. ಅಷ್ಟರಲ್ಲಿ ಅರ್ಧ ಲೋಟ ಖಾಲಿಯಾಗಿತ್ತು.

ಎಲ್ಲವನ್ನೂ ಯೋಚಿಸಿಟ್ಟಿದ್ದೆ, ಅವನ ಬಾಯಾರಿಕೆಯೊಂದನ್ನು ಬಿಟ್ಟು.

“ಲೇ ಕತ್ತೆ! ಏನೋ ಮಾಡ್ಬಿಟ್ಟೆ?” ದೊಡ್ಡಪ್ಪ ತಲೆಯ ಮೇಲೆ ಕೈಹೊತ್ತರು.

“ಮರ್ತೇಹೋಯ್ತು ದೊಡ್ಡಪ್ಪ… ತುಂಬ ಚೆನ್ನಾಗಿತ್ತು…” ಸಾಮಿಹ್‌ನ ಮುಖ ಬಿಳುಚಿಕೊಂಡಿತು.

“ಕುಡಿದಾಯ್ತು, ಮಾತು ಮುಗೀತು” ಎಂದು ಅಪ್ಪ ಎದ್ದರು.

ಪರದೆ ಸರಿಸಿ ಹೊರಗೆ ಹೆಜ್ಜೆಯಿಟ್ಟೆ. “ಗಂಡಸರಿದ್ದಾರೆ ಕಣೇ!” ಎಂದು ಅಮ್ಮ ತೋಳು ಹಿಡಿದಳು, ಬಿಡಿಸಿಕೊಂಡೆ. ತುಂಬಿದ ಲೋಟವೊಂದನ್ನು ಸಾಮಿಹ್‌ನ ಮುಂದಿಟ್ಟೆ. ಐಸ್ ಕಿಣಿಕಿಣಿಗುಟ್ಟಿತು.

“ಇದನ್ನ ಕುಡೀಬೇಡ. ಅಪ್ಪ ಹೂಂ ಅನ್ನೋವರೆಗೆ ಮುಟ್ಟಬೇಡ. ವರ್ಷ ಆದ್ರೂ ಸರಿ, ನಾನೂ ಕಾಯ್ತೀನಿ.”

ಅಪ್ಪ ನನ್ನನ್ನೇ ನೋಡಿದರು.

“ನಿನ್ನ ಮನಸ್ಸಲ್ಲಿ ಏನಿದೆ ಅಂತಾನೇ ಇಷ್ಟೊತ್ತು ಒದ್ದಾಡ್ತಿದ್ದೆ. ಮೊದಲೇ ಹೇಳೋಕೇನಾಗಿತ್ತು?”

“ಭಯ, ಯಾಬಾ.”

ಅಪ್ಪ ನಿಧಾನವಾಗಿ ಮತ್ತೆ ಕುಳಿತು ಸಾಮಿಹ್‌ನತ್ತ ತಿರುಗಿದರು. “ಕುಡಿಯಪ್ಪಾ. ಕೇಳಿದ್ದು ಕೊಟ್ಟಿದೀನಿ.”

ಅವನು ಲೋಟ ಮುಟ್ಟಲಿಲ್ಲ. ಅಪ್ಪ ಹೇಳಿದ್ದು ಸಾಲದೆಂಬಂತೆ, ಹೆದರಿದ ಕಣ್ಣುಗಳಿಂದ ನನ್ನ ಮುಖ ನೋಡುತ್ತ ಕಾದ.