ಕೊಟ್ಟಿಗೆ ಮರದ ದೋಣಿ

ಮೆಟ್ಟೂರು ಅಣೆಕಟ್ಟಿನ ನೀರಲ್ಲಿ ನನ್ನ ಹೊಲ ಮುಳುಗಿತು. ಜನರನ್ನು ದಾಟಿಸಿ ಬದುಕೋಣವೆಂದು ನಮ್ಮೂರ ಮಾದಯ್ಯನ ಹಾಯಿದೋಣಿ ಕೊಂಡೆ. ತನ್ನ ಮನೆ ಮುಳುಗುವ ಮುಂಚೆ ಅದರ ಕೊಟ್ಟಿಗೆಯ ಮರ ಕಿತ್ತು ಅವನು ಅದನ್ನು ಮಾಡಿಸಿದ್ದ.

"ಮೊದಲ್ನೇ ದಪ ನಾನೂ ಬತ್ತೀನಣ್ಣಾ. ಒಸಾ ಯಜಮಾನ ಯಾರೂಂತ ಅದುಕ್ಕೆ ತೋರಿಸ್ಬೇಕು," ಎಂದ ಮಾದಯ್ಯ.

"ಇದೇನ್ ಅಸುವೇನ್ಲಾ, ಅಳೇ ಮನೆಗೆ ಓಡೋಗಾಕೆ? ಓಗ್ಲಾ!" ಎಂದು ರೇಗಿ, ಬೆಳಿಗ್ಗೆ ಒಬ್ಬನೇ ಹೊರಟೆ.

ಗಾಳಿಯೇ ಇರಲಿಲ್ಲ. ಆದರೂ ಹಾಯಿ ಮೆಲ್ಲಗೆ ಉಬ್ಬಿತು. ನಾನು ಎತ್ತ ತಿರುಗಿಸಿದರೂ ದೋಣಿ ನಡುನೀರಿಗೇ ಸಾಗಿತು. ಕೂತ ಹಲಗೆ ದನದ ಮೈಯಂತೆ ಬೆಚ್ಚಗಾಯಿತು. ಹಸಿಹುಲ್ಲಿನ ವಾಸನೆ ಬಂತು. ನೀರಿನಡಿ ಎಲ್ಲೋ ಕೊರಳಗಂಟೆ ಕೇಳಿಸಿ, ನನಗೆ ಹೆದರಿಕೆಯ ಬದಲು ನಿದ್ದೆ ಬರುವಂತಾಯಿತು. ಅಷ್ಟರಲ್ಲಿ ದೋಣಿಯ ಹಗ್ಗ ತಾನಾಗಿ ನೀರಿಗೆ ಜಾರಿ ಬಿಗಿಯಾಯಿತು. ಎಳೆದರೆ ಬರಲಿಲ್ಲ, ದೋಣಿಯ ಮೂತಿಯೇ ನೀರಿಗೆ ಬಾಗತೊಡಗಿತು. ಬೈಯುತ್ತಲೇ ಹಗ್ಗವನ್ನು ಕುಡುಗೋಲಿನಿಂದ ಕತ್ತರಿಸಿ, ಹುಟ್ಟು ಹಾಕಿ ದಡ ಸೇರಿದೆ.

ಬೇಸಿಗೆಯಲ್ಲಿ ನೀರಿಳಿದಾಗ ಮಾದಯ್ಯನ ಹಳೆಯ ಮನೆಯ ಜಾಗಕ್ಕೆ ಇಬ್ಬರೂ ಹೋದೆವು. ಕೆಸರಲ್ಲಿ ಕೊಟ್ಟಿಗೆಯ ಕಲ್ಲುಗೂಟ ನಿಂತಿತ್ತು. ಅದಕ್ಕೆ ನಾನು ಕತ್ತರಿಸಿದ್ದ ಹಗ್ಗದ ತುಂಡನ್ನು ಹಸು ಕಟ್ಟುವ ಗಂಟು ಹಾಕಿ ಯಾರೋ ಕಟ್ಟಿದ್ದರು.

"ಅದುಕ್ಕೇ ಬತ್ತೀನಿ ಅಂದೆ. ಕೇಳಿದ್ರಾ?" ಎಂದ ಮಾದಯ್ಯ.

ಗೂಟದ ಮುಂದೆ ಆಗತಾನೇ ಕೊಯ್ದ ಒಂದು ಹಿಡಿ ಹುಲ್ಲಿತ್ತು. ಕೆಸರಲ್ಲಿ ನಮ್ಮಿಬ್ಬರ ಹೆಜ್ಜೆ ಬಿಟ್ಟು ಬೇರೆ ಹೆಜ್ಜೆ ಇರಲಿಲ್ಲ.