ಸೇತುವೆಯ ಹಲಗೆಗೆ ಒಂದು ತಿದ್ದುಪಡಿ

ಬೆಳಗ್ಗೆ ಒಂಬತ್ತೂವರೆಗೆ ಸುತ್ತುದಾರಿ ಸಮಿತಿಯ ಕಾರ್ಯದರ್ಶಿ ಠಾಣೆಗೆ ಬಂದು ದೂರು ಕೊಟ್ಟರು. ತೀರಿಹೋದ ಕಾದಂಬರಿಕಾರರ ನೆನಪಿಗೆಂದು ಮಾಡಿದ ನಾಲ್ಕು ದಿನಗಳ ಚಾರಣದ ದಾರಿ ಅದು; ಅವರ ಮನೆಯಿಂದ ಹೊರಟು ಊರೂರು ಸುತ್ತಿ ಅವರ ಮನೆಗೇ ಬಂದು ಮುಗಿಯುತ್ತದೆ. ತಿರುವಿಗೊಂದು ಬಾಣದಾಕಾರದ ಹಲಗೆ, ಹಲಗೆಗೊಂದು ಅವರ ಕಾದಂಬರಿಯ ಸಾಲು. ಸೇತುವೆಯ ಹಲಗೆಯನ್ನು ಯಾರೋ ಮಗುಚಿ ಹಾಕಿದ್ದರು. ಬಾಣ ನಂಬಿ ನಡೆದ ಮೇಷ್ಟರೊಬ್ಬರು ಕಲ್ಲುಕ್ವಾರಿಗೆ ಜಾರಿ ಕಾಲು ಮುರಿದುಕೊಂಡಿದ್ದರು.

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್ ಜೊತೆ ಸ್ಥಳ ಪಂಚನಾಮೆಗೆ ಬಂದಳು. ಹಲಗೆಯ ಅಸಲು ಮುಖ ಹಿಂದಾಗಿತ್ತು: ‘ಹೋಗುತ್ತೇನೆ ಎಂದೆ. ಅವಳು ತಲೆ ಎತ್ತಲಿಲ್ಲ.’ ಖಾಲಿಯಿದ್ದ ಬೆನ್ನ ಮೇಲೆ ಈಗ ಹೊಸ ಬಣ್ಣದಲ್ಲಿ: ‘ಬರ್ತೀನಿ ಎಂದ. ಅವಳು ತಲೆ ಎತ್ತಿದಳು.’ ಅಕ್ಷರಗಳ ಅಡಿಯಲ್ಲಿ ನೀಲಿ ಗೀಟುಗಳು.

ಕಾನ್‌ಸ್ಟೇಬಲ್ ಬೆರಳಿನಿಂದ ಉಜ್ಜಿ ನೋಡಿದ. “ಮೇಡಂ, ಇದು ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ. ನನ್ನ ಸವೆದ ಕಾಲರ್ ತಿರುಗಿಸಿ ಹೊಲಿಸಿದಾಗ ಇದೇ ಅಂಟಿತ್ತು.”

“ಎಲ್ಲಿ ಹೊಲಿಸಿದ್ದು?”

ಅವನು ಸೇತುವೆಯ ಕೆಳಗೆ ಕೈ ತೋರಿಸಿದ.

ಅಲ್ಲಿ ಒಂದು ಬಾಗಿಲಿನ ಅಂಗಡಿ, ಕಾಲುಮಿಶಿನ್ನು, ಊರೆಲ್ಲ ಹೊಲಿಗೆಯಕ್ಕ ಎನ್ನುವ ಅರವತ್ತು ದಾಟಿದ ಹೆಂಗಸು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ಬೇಕಾದಷ್ಟು ಕಂಡಿದ್ದಳು. ಈಕೆ ಹೆಗಲನ್ನೇ ಮುಂದೆ ತಂದಿಟ್ಟಳು.

“ಹಲಗೆ ಬಿಚ್ಚಿದ್ದು ಯಾರು?”

“ನಾನೇ.”

“ಯಾಕೆ?”

“ಅವನು ಹೋಗ್ತೀನಿ ಅನ್ನಲೇ ಇಲ್ಲಮ್ಮ. ಆ ಕೋಟು ಬಿಚ್ಚಿಕೊಟ್ಟು, ‘ಗುಂಡಿ ಹಾಕಿಡು, ಬರ್ತೀನಿ’ ಅಂದ.” ಗೋಡೆಯ ಮೊಳೆಯಲ್ಲಿ ಬೂದುಬಣ್ಣದ ಕೋಟು ತೂಗುತ್ತಿತ್ತು; ಗುಂಡಿಗಳೆಲ್ಲ ಇದ್ದವು. “ನಾನು ತಲೆ ಎತ್ತಿದ್ದೆ. ಸೇತುವೆ ದಾಟೋವರೆಗೂ ನೋಡ್ತಾನೇ ಇದ್ದೆ.”

“ಅವರ ಪುಸ್ತಕದಲ್ಲಿ ಬೇರೆ ಥರ ಇದೆಯಲ್ಲ?”

“ಪುಸ್ತಕದಲ್ಲಿ ಏನಾದ್ರೂ ಬರ್ಕೊಳ್ಳಲಿ. ನನ್ನ ಬಾಗಿಲ ಮುಂದೆ ಬೇಡ.”

“ಮಗುಚಿದ್ರೆ ಬಾಣ ಆ ಕಡೆ ತಿರುಗುತ್ತೆ ಅಂತ ಹೊಳೀಲಿಲ್ವಾ? ಒಬ್ಬರ ಕಾಲು ಮುರಿದಿದೆ.”

ಮಿಶಿನ್ನಿನ ಚಕ್ರದ ಮೇಲಿದ್ದ ಕೈ ಹಾಗೇ ನಿಂತಿತು. ಅದು ಆಕೆಗೆ ಗೊತ್ತಿರಲಿಲ್ಲ. “ಅಯ್ಯೋ... ಕಾಲರ್ ಥರ ತಿರುಗಿಸಿದೆ ಕಣಮ್ಮ. ಕಾಲರಿಗೆ ಎಡ ಬಲ ಇರಲ್ಲ.” ಆಮೇಲೆ ಕಣ್ಣೊರೆಸಿಕೊಂಡಳು. “ಅವರ ಹತ್ರ ಕರ್ಕೊಂಡು ಹೋಗ್ತೀರಾ? ಕ್ಷಮೆ ಕೇಳ್ಬೇಕು.”

ಮಧ್ಯಾಹ್ನ ಒಂದೂ ಹತ್ತಕ್ಕೆ ದಸ್ತಗಿರಿ. ಕಾರಣ ಏನು ಬರೆಯಲಿ ಎಂದು ಕಾನ್‌ಸ್ಟೇಬಲ್ ಕೇಳಿದಾಗ ಇನ್‌ಸ್ಪೆಕ್ಟರಿಗೆ ದೂರದೂರಿಗೆ ವರ್ಗವಾಗಿರುವ ಗಂಡ ನೆನಪಾದ. ಇತ್ತೀಚೆಗೆ ಅವನು ಫೋನಿನಲ್ಲಿ ‘ಇಡ್ತೀನಿ’ ಎಂದಷ್ಟೇ ಹೇಳುತ್ತಿದ್ದ. ‘ಬರ್ತೀನಿ’ ಎನ್ನುವ ಆ ಇನ್ನೊಂದು ಮಾತಿಗೆ ಅವಳ ಜೀವ ಹಂಬಲಿಸಿತು. “ಬರಹದಲ್ಲಿ ತಪ್ಪಿತ್ತು, ಆರೋಪಿ ತಿದ್ದಿದ್ದಾರೆ ಅಂತ ಬರಿ,” ಎಂದಳು.

ಹೊಲಿಗೆಯಕ್ಕ ಬಾಗಿಲೆಳೆಯುವ ಮುನ್ನ ಒಳಗೆ ತಿರುಗಿ, ಕೋಟಿಗೆ “ಬರ್ತೀನಿ” ಎಂದಳು.

“ಜಾಮೀನು ಸಿಗುತ್ತೆ ಅಕ್ಕ. ಸಂಜೆಗೆ ಬಂದ್ಬಿಡ್ತೀರಿ,” ಎಂದಳು ಇನ್‌ಸ್ಪೆಕ್ಟರ್.

“ಬರದೇ ಇರೋಕಾಗುತ್ತಾ,” ಎಂದಳು ಹೊಲಿಗೆಯಕ್ಕ, ಬೀಗ ಜಗ್ಗಿ ನೋಡುತ್ತಾ. “ಹೇಳಿದೀನಲ್ಲ.”