ಅವನ ಹೆಸರಿನ ಮುಂದೆ ಚೆನ್ನೈ

"ನೀವು ನಿಜವಾಗ್ಲೂ ಭದ್ರಾವತಿಯಲ್ಲೇ ಇದ್ದೀರಾ?"

ಓಲ್ಡ್ ಟೌನ್‌ನ ಇಂಟರ್‌ನೆಟ್ ಸೆಂಟರಿನ ಬಾಗಿಲಲ್ಲಿ ನಿಂತು ಶೀತಲ್ ಕೇಳಿದ ಮೊದಲ ಮಾತು ಇದು. ಕೌಂಟರಿನ ಹಿಂದಿದ್ದ ಮಲ್ಲಿಕ್ ದಡಬಡಿಸಿ ಎದ್ದ. ಪರದೆಯಲ್ಲಷ್ಟೇ ನೋಡಿದ್ದ ಮುಖ ಎದುರಿಗೇ ಇತ್ತು. ಆದರೆ ಆ ಮುಖದಲ್ಲಿ ನಗು ಇರಲಿಲ್ಲ.

"ಇಲ್ಲೇ ಇದ್ದೀನಲ್ಲ... ಇನ್ನೆಲ್ಲಿರ್ತೀನಿ?"

"ಅದನ್ನ ನೋಡೋಕೇ ಬಸ್ ಹತ್ತಿ ಬಂದಿದ್ದು."

ಬೈಬೇಡಿ ಅವಳನ್ನ. ಮೊಬೈಲಲ್ಲಿ ವಿಡಿಯೋ ನೋಡೋ ಕಾಲ ಅಲ್ಲ ಅದು. ದುರ್ಗಿಗುಡಿಯ ತನ್ನ ಮನೆಯ ಕಂಪ್ಯೂಟರಿಗೆ ಪುಟ್ಟ ಕ್ಯಾಮೆರಾ ಸಿಕ್ಕಿಸಿ, ಭಾನುವಾರ ಸಂಜೆ ಶೀತಲ್ ಲೈವ್ ಆಗಿ ವಚನ ಹಾಡ್ತಿದ್ದಳು. ಯಾರು ಯಾವ ಊರಿಂದ ನೋಡ್ತಿದ್ದಾರೆ ಅಂತ ವೆಬ್‌ಸೈಟೇ ಪಕ್ಕದಲ್ಲಿ ತೋರಿಸ್ತಿತ್ತು. ಮಲ್ಲಿಕ್ ಮೊದಲು ಮೆಚ್ಚುಗೆ ಬರೆದ, ಆಮೇಲೆ ಫೋನಲ್ಲಿ ಮಾತಾಡಿದ, ಆಮೇಲೆ ಅವಳ ಮನಸ್ಸಲ್ಲೇ ಬಂದು ಕೂತ. "ಭದ್ರಾವತಿಯಿಂದ ನೋಡ್ತೀನಿ, ಒಂದು ವಾರನೂ ಬಿಟ್ಟಿಲ್ಲ" ಅಂತಿದ್ದ. ಅವನ ಹೆಸರಿನ ಮುಂದೆ ಮಾತ್ರ ಪ್ರತಿಸಲ ಚೆನ್ನೈ ಅಂತಲೇ ಇರ್ತಿತ್ತು.

ಸಾಲದ್ದಕ್ಕೆ, ಫೋನಲ್ಲಿ ಅವನ ಹಿಂದೆ ಯಾರೋ ಹೆಂಗಸು ತಮಿಳು ಮಾತಾಡೋದು ಕೇಳಿಸ್ತಿತ್ತು.

ಅಲ್ಲೊಂದು ಸಂಸಾರ ಇಟ್ಕೊಂಡು ನನ್ನ ಹತ್ರ ಆಟ ಆಡ್ತಿದ್ದಾನಾ? ಈ ಯೋಚನೆ ಬಂದಾಗಿನಿಂದ ಅವಳಿಗೆ ಊಟ ಸೇರ್ತಿರಲಿಲ್ಲ. ದಾವಣಗೆರೆಯ ಗಂಡಿನ ಮನೆಯವರಿಗೆ ಅಮ್ಮ ಕಾಶಮ್ಮ ಇವತ್ತೇ ಉತ್ತರ ಕೊಡಬೇಕಿತ್ತು. ಮಲ್ಲಿಕ್ ಸುಳ್ಳುಗಾರ ಅಂತಾದರೆ ಆ ಸಂಬಂಧಕ್ಕೆ ಹೂಂ ಅಂದುಬಿಡೋದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇ ಬಂದಿದ್ದಳು.

"ಚೆನ್ನೈಯಲ್ಲಿ ಯಾರಿದ್ದಾರೆ?"

"ಆ ಊರನ್ನೇ ನಾನು ನೋಡಿಲ್ಲ ಮಾರಾಯ್ತಿ."

ಅಷ್ಟರಲ್ಲಿ ಹೊರಗಡೆ ಅದೇ ತಮಿಳು ದನಿ... ಶೀತಲ್ ಗಕ್ಕನೆ ಬಾಗಿಲ ಕಡೆ ತಿರುಗಿದಳು. ತಲೆ ನರೆತ ಹೆಂಗಸೊಬ್ಬಳು ಟೀ ಲೋಟ ಹಿಡಿದು ಒಳಗೆ ಬಂದಳು.

"ಯಾರಪ್ಪ ಇದು? ಹಾಡೋ ಪಾಪಾನಾ?"

"ಪಕ್ಕದ ಟೀ ಅಂಗಡಿ ಸೆಲ್ವಿಯಕ್ಕ," ಅಂದ ಮಲ್ಲಿಕ್. "ಇವರಪ್ಪ ತಮಿಳು ಸೀಮೆಯಿಂದ ಇಲ್ಲಿನ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ಉಳಿದೋರು."

ಒಂದು ಅನುಮಾನ ಇಳಿಯಿತು. ಇನ್ನೊಂದು ಇತ್ತಲ್ಲ.

"ಹಾಗಾದ್ರೆ ವೆಬ್‌ಸೈಟ್ ಸುಳ್ಳು ಹೇಳುತ್ತಾ?"

ಅವನು ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದು ಕೊಟ್ಟ. "ನಿಮ್ಮ ಹೆಸರಲ್ಲೇ ಆ ವೆಬ್‌ಸೈಟಿನ ಒಳಗೆ ಹೋಗಿ ನೋಡಿ."

ಅವಳೇ ಟೈಪ್ ಮಾಡಿದಳು. ಚಕ್ರ ತಿರುಗಿತು, ತಿರುಗ್ತಾನೇ ಇತ್ತು... ಕೊನೆಗೆ ಪುಟ ತೆರೆಯಿತು. ಮೇಲೆ ತಮಿಳಲ್ಲಿ ಸೀರೆ ಅಂಗಡಿಯ ಜಾಹೀರಾತು. ಅದರ ಕೆಳಗೆ: ಶೀತಲ್, ಚೆನ್ನೈ.

"ನಮ್ಮ ಸೆಂಟರಿನ ಲೈನು ಚೆನ್ನೈಗೆ ಹೋಗಿ ಅಲ್ಲಿಂದ ಮುಂದಕ್ಕೆ ಹೋಗುತ್ತೆ," ಅಂದ ಮಲ್ಲಿಕ್. "ವೆಬ್‌ಸೈಟಿಗೆ ಆ ಊರೇ ಕಾಣ್ಸೋದು. ಮೊದಲೇ ಕೇಳಬಾರದಿತ್ತಾ?"

"ಕೇಳಿದ್ರೆ ಹೌದು ಅಂದುಬಿಡ್ತೀರೇನೋ ಅಂತ ಭಯ ಆಗ್ತಿತ್ತು." ಅವಳ ಕಣ್ಣು ತುಂಬಿಬಂತು.

ಆಗಲೇ ಅವಳ ಫೋನ್ ಬಡಿದುಕೊಂಡಿತು. ಕಾಶಮ್ಮ.

"ದಾವಣಗೆರೆಯೋರು ಕಾಯ್ತಿದ್ದಾರೆ ಕಣೇ. ಏನು ಹೇಳ್ಲಿ?"

"ಬೇಡ ಅಂದ್ಬಿಡಮ್ಮ."

"ಏನು? ಎಲ್ಲಿದ್ದೀಯೇ ನೀನು?"

ಶೀತಲ್ ಪರದೆ ನೋಡಿದಳು, ಮಲ್ಲಿಕ್‌ನನ್ನ ನೋಡಿದಳು. ಅಳುವಿನ ನಡುವೆಯೇ ನಗು ಬಂತು.

"ಚೆನ್ನೈಲಿದ್ದೀನಮ್ಮ. ಸಂಜೆ ಹೊತ್ತಿಗೆ ಮನೇಲಿರ್ತೀನಿ."

ಫೋನ್ ಇಟ್ಟ ಮೇಲೆ ಮಲ್ಲಿಕ್ ಮೆಲ್ಲಗೆ ಕೇಳಿದ, "ಇನ್ಮೇಲೆ ನನ್ನ ನಂಬ್ತೀರಾ?"

"ನಂಬ್ತೀನಿ. ಆದ್ರೆ ಭಾನುವಾರ ಇಲ್ಲಿಂದ ನೋಡೋದು ಬೇಡ," ಅಂದಳು. "ದುರ್ಗಿಗುಡಿಗೇ ಬಂದು ನನ್ನ ಎದುರಿಗೆ ಕೂತ್ಕೊಳ್ಳಿ."